ಹದಿನೆಂಟು ಮೇಜು ಹಂಚುವ ಕೆಲಸ

ಆ ದಿನ ಆಪ್ ಕೆಟ್ಟಿತ್ತು ಎಂದು ಕಂಪನಿಯವರು ಬರೆದು ಹಾಕಿಕೊಂಡಿದ್ದಾರಂತೆ. ಸುಳ್ಳು. ಆಪ್ ಕೆಟ್ಟಿರಲಿಲ್ಲ. ಅದು ತನಗೆ ಗೊತ್ತಿದ್ದಷ್ಟು ಕೆಲಸವನ್ನು ಸರಿಯಾಗಿಯೇ ಮಾಡಿತು. ಕೈ ತೆಗೆದವಳು ನಾನು. ಇನ್ನೊಂದು ಮಾತನ್ನೂ ಮೊದಲೇ ಹೇಳಿಬಿಡುತ್ತೇನೆ. ಅವರದು ಟೆಕ್ನಾಲಜಿ ಕಂಪನಿ ಅಲ್ಲ. ಮೇಜು, ಕುರ್ಚಿ, ಸೂರು, ಕರೆಂಟು, ಇಂಟರ್‌ನೆಟ್ಟು ಬಾಡಿಗೆಗೆ ಕೊಡುವ ಜಾಗ. ಬಾಡಿಗೆಗೆ ಕೊಡುವುದರಲ್ಲಿ ನಾಚಿಕೆಪಡುವಂಥದ್ದೇನೂ ಇಲ್ಲ. ಅದಕ್ಕೆ ಬೇರೆ ಹೆಸರಿಟ್ಟು, ಆ ಹೆಸರು ಉಳಿಸಿಕೊಳ್ಳಲಿಕ್ಕೆ ನನ್ನನ್ನು ಅಡುಗೆಕೋಣೆಯಲ್ಲಿ ಬಚ್ಚಿಡಲು ಹೊರಟರಲ್ಲ, ನನ್ನ ತಕರಾರು ಅಷ್ಟಕ್ಕೇ.

ನಾನು ಓದಿದ್ದು ಮೂರನೇ ಕ್ಲಾಸು. ಬರವಣಿಗೆಯಲ್ಲಿ ತಪ್ಪಿದ್ದರೆ ತಿದ್ದಿಕೊಂಡು ಓದಿ. ನಡೆದದ್ದರಲ್ಲಿ ತಪ್ಪಿಲ್ಲ.

ಮಾದಾಪುರ ದಾಟಿದ ಮೇಲೆ ರಸ್ತೆಯ ಬದಿಗೆ ಒಂದು ಹಳೆಯ ಕಾಫಿ ಗೋಡೌನು ಇದೆ. ಎಸ್ಟೇಟಿನವರು ಅದನ್ನು ಕಂಪನಿಗೆ ಬಾಡಿಗೆಗೆ ಕೊಟ್ಟರು. ಕಂಪನಿಯವರು ನೆಲಕ್ಕೆ ಹಲಗೆ ಹಾಕಿಸಿದರು, ಗೋಡೆಗೆ ಬಿಳಿ ಬಣ್ಣ ಬಳಿಸಿದರು, ಹದಿನೆಂಟು ಮೇಜು ತಂದಿಟ್ಟರು. ಬಾಗಿಲಿಗೆ ಇಂಗ್ಲಿಷ್ ಬೋರ್ಡು ಬಂತು. ಮನೆಯಲ್ಲಿ ನೆಟ್‌ವರ್ಕ್ ಸಿಗದವರು, ಆಫೀಸು ಇಲ್ಲದವರು ಫೋನಿನಲ್ಲಿ ಬುಕ್ ಮಾಡಿ ಬಂದು, ದಿನಕ್ಕಿಷ್ಟು ಅಂತ ಕೊಟ್ಟು ಕೂತು ಕೆಲಸ ಮಾಡಬಹುದು. ಬಾಗಿಲು ತೆಗೆಯಲು, ಗುಡಿಸಲು, ಟ್ಯಾಂಕಿಗೆ ನೀರು ಬಿಡಲು, ಕಾಫಿ ಕಾಸಲು ನನ್ನನ್ನು ಇಟ್ಟುಕೊಂಡರು.

ನನಗೆ ಆ ಕೆಲಸ ಬೇಕಿತ್ತು. ಮನೆಯಲ್ಲಿ ಕೂತರೆ ಸೊಸೆಗೆ ನಾನು ಭಾರ ಅಂತಲ್ಲ. ನನಗೆ ಸೊಸೆ ಭಾರ. ಬೆಳಿಗ್ಗೆ ಆರೂವರೆಗೆ ಹೊರಗೆ ಬಿದ್ದರೆ ಇಬ್ಬರಿಗೂ ಸುಖ.

ಮೊದಲ ತಿಂಗಳು ದಿನಾ ಜಗಳ. ಆಪ್ ಮಾಡುತ್ತಿದ್ದದ್ದು ಇಷ್ಟೇ: ಮೊದಲು ಬುಕ್ ಮಾಡಿದವರಿಗೆ ಒಂದನೇ ಮೇಜು, ಎರಡನೆಯವರಿಗೆ ಎರಡನೆಯದು, ಹಾಗೇ ಹದಿನೆಂಟರ ತನಕ. ಬಂದವರು ಯಾರು, ಮಾಡುವುದು ಏನು ಎಂದು ಅದಕ್ಕೆ ಗೊತ್ತಿಲ್ಲ. ನಮ್ಮಲ್ಲಿಗೆ ಬರುವ ಕಾಳುಮೆಣಸಿನ ವ್ಯಾಪಾರಿಯೊಬ್ಬ ಫೋನಿನಲ್ಲಿ ರೇಟು ಕೂಗಿದರೆ ತೊಲೆಯ ಮೇಲಿನ ಪಾರಿವಾಳಗಳು ಹಾರಿಹೋಗುತ್ತವೆ. ಅವನ ಪಕ್ಕದ ಮೇಜಿಗೆ ಆಪ್ ಒಬ್ಬ ಟೈಪಿಂಗ್ ಹೆಂಗಸನ್ನು ಹಾಕುತ್ತಿತ್ತು. ಎಲ್ಲೋ ದೂರದ ಆಸ್ಪತ್ರೆಯ ಡಾಕ್ಟರು ಮಾತಾಡಿ ಕಳಿಸಿದ್ದನ್ನು ಕಿವಿಗೆ ಹಾಕಿಕೊಂಡು ಕೇಳಿ ಟೈಪ್ ಮಾಡುವುದು ಅವಳ ಕೆಲಸ. ಒಂದು ಸೊನ್ನೆ ತಪ್ಪಾಗಿ ಕೇಳಿಸಿದರೆ ರೋಗಿಗೆ ಹತ್ತು ಪಟ್ಟು ಮದ್ದು.

"ರೀ, ಸ್ವಲ್ಪ ಮೆಲ್ಲಗೆ ಮಾತಾಡ್ರೀ!" ಎಂದು ಅವಳು.

"ಮೆಲ್ಲಗೆ ಮಾತಾಡಿದ್ರೆ ಮೆಣಸು ಬೇರೆಯವ್ನು ತಗೊಂಡು ಹೋಯ್ತಾನಲ್ಲ ಚೇಚಿ!" ಎಂದು ಅವನು. ಅವನ ಮನೆಮಾತು ಮಲಯಾಳ. ಅವಳಿಗೆ ಚೇಚಿ, ಅಂದರೆ ಅಕ್ಕ; ನನಗೆ ಅಮ್ಮೂಮ್ಮ, ಅಂದರೆ ಅಜ್ಜಿ.

ಹದಿನೈದು ದಿನದಲ್ಲಿ ನಾಲ್ಕು ಜನ ಬರುವುದನ್ನೇ ಬಿಟ್ಟರು. ಐದನೆಯವಳು ಟೈಪಿಂಗ್ ಹೆಂಗಸು. ಬ್ಯಾಗು ಹೆಗಲಿಗೆ ಹಾಕಿಕೊಂಡು ಹೊರಟವಳನ್ನು ನಾನು ಬಾಗಿಲಲ್ಲಿ ತಡೆದೆ.

"ನಾಳೆ ಒಂದು ದಿನ ಬಾ ಕಣಮ್ಮ. ನಾನು ಹೇಳಿದ ಕಡೆ ಕೂತ್ಕೊ. ಆಗ್ಲಿಲ್ಲ ಅಂದ್ರೆ ಹೋಗು."

ಇದು ನನಗೆ ಹೊಸ ಕೆಲಸ ಅಲ್ಲ. ಹಿಂದೆ ಎಸ್ಟೇಟಿನಲ್ಲಿ ಕಾಫಿ ಹಣ್ಣು ಕೊಯ್ಯುವ ಪಿಕ್ಕಿಂಗ್ ಸಮಯದಲ್ಲಿ ನಾನು ಹೆಂಗಸರ ಮೇಸ್ತ್ರಿ ಆಗಿದ್ದೆ. ಬೆಳಿಗ್ಗೆ ರೈಟರು ಹಾಜರಿ ಕರೆದ ಮೇಲೆ ಯಾರಿಗೆ ಯಾವ ಸಾಲು ಎಂದು ಹಂಚುವವಳು ನಾನು. ಅದಕ್ಕೊಂದು ಕ್ರಮ ಇದೆ. ಹಣ್ಣು ತುಂಬಿದ ಸಾಲು ಒಬ್ಬಳಿಗೇ ಎರಡು ದಿನ ಕೊಡುವ ಹಾಗಿಲ್ಲ. ಮಾತು ಬಿಟ್ಟಿರುವ ಇಬ್ಬರನ್ನು ಅಕ್ಕಪಕ್ಕದ ಸಾಲಿಗೆ ಹಾಕುವ ಹಾಗಿಲ್ಲ. ಮೊಣಕಾಲು ನೋವಿನವಳನ್ನು ಇಳಿಜಾರಿಗೆ ಕಳಿಸುವ ಹಾಗಿಲ್ಲ. ಇಳಿಜಾರಿನ ಸಾಲು ತಡವಾಗಿ ಬಂದವರಿಗೆ. ಮೇಸ್ತ್ರಿಯ ತಂಗಿಯೇ ಆಗಲಿ, ತಡವಾಗಿ ಬಂದರೆ ಇಳಿಜಾರು. ಈ ಕೊನೆಯದನ್ನು ಒಂದು ದಿನ ಸಡಿಲ ಬಿಟ್ಟರೂ ಮಾರನೇ ದಿನ ಯಾರೂ ನಿಮ್ಮ ಮಾತು ಕೇಳುವುದಿಲ್ಲ.

ಗೋಡೌನು ಗುಡಿಸುವಾಗ ನಂಬರು ಕೊರೆದ ತಗಡಿನ ಬಿಲ್ಲೆಗಳು ಸಿಕ್ಕಿದ್ದವು. ಹಿಂದೆ ಕಾಫಿ ಚೀಲಕ್ಕೆ ಕಟ್ಟುತ್ತಿದ್ದವು. ಒಂದರಿಂದ ಹದಿನೆಂಟು ಆರಿಸಿ ತೊಳೆದೆ. ಮಾರನೇ ದಿನ ಬಾಗಿಲಲ್ಲಿ ನಿಂತು ಬಂದವರ ಕೈಗೆ ಒಂದೊಂದು ಕೊಟ್ಟೆ. ಮೆಣಸಿನವನು ಹಿಂದಿನ ಮೂಲೆಗೆ, ಕಿಟಕಿಯ ಹತ್ತಿರ. ಕೂಗಿದ್ದು ಹೊರಗೆ ಹೋಗಲಿ. ಟೈಪಿಂಗ್ ಹೆಂಗಸು ಇನ್ನೊಂದು ತುದಿಗೆ, ದಪ್ಪ ಗೋಡೆಯ ಮಗ್ಗುಲಿಗೆ. ದೂರದ ಮಕ್ಕಳಿಗೆ ಲ್ಯಾಪ್‌ಟಾಪಿನಲ್ಲಿ ಪಾಠ ಹೇಳುವ ಮೇಷ್ಟ್ರೊಬ್ಬರಿದ್ದರು. ಅವರ ಲ್ಯಾಪ್‌ಟಾಪಿನ ಬ್ಯಾಟರಿ ಸತ್ತಿತ್ತು, ಪ್ಲಗ್ಗು ಕಿತ್ತರೆ ಆರಿಹೋಗುತ್ತಿತ್ತು. ಅವರನ್ನು ಪಶ್ಚಿಮದ ಗೋಡೆಗೆ ಕೂರಿಸಿದೆ.

ಪಶ್ಚಿಮದ ಗೋಡೆಗೇ ಯಾಕೆ ಅನ್ನುವುದನ್ನು ಬಿಡಿಸಿ ಹೇಳಬೇಕು. ಗೋಡೌನಿಗೆ ಮೂರು ಫೇಸಿನ ಕರೆಂಟು. ಒಂದೊಂದು ಗೋಡೆಯ ಪ್ಲಗ್ಗುಗಳು ಒಂದೊಂದು ಫೇಸಿನ ಮೇಲಿವೆ. ಪೂರ್ವದ ಗೋಡೆಯ ಫೇಸು ಮೊದಲೇ ಬಡಕಲು ಎಂದು ಲೈನ್‌ಮನ್ ಹೇಳಿದ್ದ. ನಮ್ಮ ಕೆಳಗಿನ ಎಸ್ಟೇಟಿಗೂ ನಮಗೂ ಒಂದೇ ಟ್ರಾನ್ಸ್‌ಫಾರ್ಮರು. ರೋಬಸ್ಟಾ ಕಾಫಿ ಗಿಡ ಹೂ ಬಿಡಲಿ ಎಂದು ಬೇಸಿಗೆಯಲ್ಲಿ ಸ್ಪ್ರಿಂಕ್ಲರ್ ನೀರು ಕೊಡುತ್ತಾರಲ್ಲ, ತೋಟದಲ್ಲಿ ಕೆರೆಯ ಹತ್ತಿರದ ತಗ್ಗು ತುಂಡಿಗೆ ಒಂದು ಮೋಟಾರು ಸಾಕು. ರಸ್ತೆಯ ಪಕ್ಕದ ಎತ್ತರದ ತುಂಡಿಗೆ ನೀರು ಏರಬೇಕಾದರೆ ಎರಡು ಬೇಕು. ಎರಡೂ ಓಡಿದರೆ ನಮ್ಮ ಪೂರ್ವದ ಗೋಡೆಯ ವೋಲ್ಟೇಜು ಬಿದ್ದು, ಸ್ಟೆಬಿಲೈಸರು ಟಕ್ ಎಂದು ಕಟ್ ಮಾಡುತ್ತದೆ. ಮೋಟಾರು ನಿಲ್ಲುವ ತನಕ ಆ ಗೋಡೆಗೆ ಕರೆಂಟಿಲ್ಲ.

ಇದು ಯಾವ ಆಪಿನಲ್ಲೂ ಬರೆದಿರುವುದಿಲ್ಲ. ರಸ್ತೆಯಲ್ಲಿ ನಡೆದು ಬರುವವರು ಪೈಪು ಎಲ್ಲಿ ಜೋಡಿಸಿದ್ದಾರೆ ಎಂದು ನೋಡಿದರೆ ತಿಳಿಯುತ್ತದೆ. ನಾನು ನಡೆದು ಬರುತ್ತೇನೆ. ಕಂಪನಿಯ ಮ್ಯಾನೇಜರು ಕಾರಿನಲ್ಲಿ ಗಾಜು ಏರಿಸಿಕೊಂಡು ಬರುತ್ತಾನೆ.

ಜಗಳ ನಿಂತಿತು. ಬಿಟ್ಟವರಲ್ಲಿ ಮೂವರು ವಾಪಸ್ಸು ಬಂದರು. ಮ್ಯಾನೇಜರು ಒಂದು ದಿನ ನನ್ನ ಬಿಲ್ಲೆ ಡಬ್ಬಿ ನೋಡಿ ನಕ್ಕ. ಆಮೇಲೆ ನನ್ನ ಕೈಗೆ ಒಂದು ಫೋನು ಕೊಟ್ಟ.

"ಅಜ್ಜಿ, ಬಿಲ್ಲೆ ಎಲ್ಲಾ ಚೆನ್ನಾಗಿ ಕಾಣಲ್ಲ. ಇದ್ರಲ್ಲಿ ಹೆಸರು ಒತ್ತಿ, ಆಮೇಲೆ ಮೇಜಿನ ನಂಬರ್ ಒತ್ತಿ. ಅವ್ರ ಫೋನಿಗೆ ತಾನಾಗೇ ಹೋಗುತ್ತೆ."

ಅಕ್ಷರ ನಿಧಾನ ಆದರೂ ನಂಬರು ನನಗೆ ಚೆನ್ನಾಗಿ ಗೊತ್ತು. ದಿನಾ ಏಳು ಗಂಟೆಗೆ ಅಡುಗೆಕೋಣೆಯಲ್ಲಿ ಹಾಲು ಕಾಯಿಸುತ್ತಾ ಹದಿನೆಂಟು ಮೇಜು ಒತ್ತಿಬಿಡುತ್ತಿದ್ದೆ. ಆಪ್ ಹಾಕಿದ ಸಾಲನ್ನು ಅಳಿಸಿ ನನ್ನ ಸಾಲು ಹಾಕುವುದು, ಅಷ್ಟೇ. ಬಂದವರಿಗೆ ಅದು ಯಂತ್ರ ಮಾಡಿದ್ದು ಎಂದೇ ಕಾಣುತ್ತಿತ್ತು. ಅದು ನನ್ನ ಮೊದಲ ತಪ್ಪು. ಬಿಲ್ಲೆ ನನ್ನ ಕೈಯಲ್ಲಿದ್ದಾಗ ಕೆಲಸ ಯಾರದು ಎಂದು ಎಲ್ಲರಿಗೂ ಕಾಣುತ್ತಿತ್ತು. ಫೋನು ಬಂದ ಮೇಲೆ ನಾನು ಕಾಫಿ ಕಾಸುವ ಅಜ್ಜಿ ಮಾತ್ರ ಆದೆ. ಮೂರು ತಿಂಗಳು ಹಾಗೇ ನಡೆಯಿತು.

ಎರಡನೆಯ ತಪ್ಪು ಇನ್ನೂ ದೊಡ್ಡದು. ಒಂದು ಬೆಳಿಗ್ಗೆ ವಿಪರೀತ ಮಂಜು. ತೋಟದ ಬೇಲಿಯೇ ಕಾಣಲಿಲ್ಲ, ಇನ್ನು ಪೈಪು ಎಲ್ಲಿ ಕಾಣಬೇಕು? ಬೇಲಿ ಹತ್ತಿರ ಹೋಗಿ ನೋಡಬಹುದಿತ್ತು. ಚಳಿಗೆ ಸೋಮಾರಿತನ ಮಾಡಿದೆ. ನಿನ್ನೆಯಂತೆಯೇ ತಗ್ಗಿನ ತುಂಡಿಗೆ ನೀರು ಇರಬೇಕು ಎಂದುಕೊಂಡು, ಬೆಳಕು ಚೆನ್ನಾಗಿದೆ ಎಂದು ಮೇಷ್ಟ್ರನ್ನು ಪೂರ್ವದ ಗೋಡೆಗೆ ಹಾಕಿದೆ. ಅವರು ಮಕ್ಕಳಿಗೆ ಪರೀಕ್ಷೆ ಕೊಡುತ್ತಿದ್ದಾಗ ಎರಡೂ ಮೋಟಾರು ಶುರುವಾಯಿತು. ಪರೀಕ್ಷೆ ಅರ್ಧಕ್ಕೆ ನಿಂತಿತು. ನಾನು ಹೋಗಿ ಹೇಳಿದೆ.

"ಮೇಷ್ಟ್ರೇ, ನನ್ನ ತಪ್ಪು. ನೋಡದೆ ಹಾಕಿದೆ."

"ನಿಮ್ದು ಹೇಗೆ ತಪ್ಪಾಗ್ತದೆ ಅಜ್ಜಿ? ಆಪ್ ತಾನೆ ಕೊಟ್ಟಿದ್ದು?" ಎಂದರು ಅವರು.

ಆಗ ಬಿಡಿಸಿ ಹೇಳಿದೆ. ಮೇಷ್ಟ್ರು ಬೇಜಾರು ಮಾಡಿಕೊಳ್ಳದೆ ಪರೀಕ್ಷೆಯನ್ನು ಮಾರನೇ ದಿನಕ್ಕೆ ಹಾಕಿದರು. ಮ್ಯಾನೇಜರು ಮಾತ್ರ ಬಿಡಲಿಲ್ಲ. "ನೋಡಿ ಅಜ್ಜಿ, ಇದಕ್ಕೇ ನಾವು ಹೇಳೋದು. ಮನುಷ್ಯರು ತಪ್ಪು ಮಾಡ್ತಾರೆ" ಎಂದ. ನನ್ನ ತಪ್ಪು ನನ್ನದೇ, ಒಪ್ಪಿಕೊಂಡೆ.

ಅದಾಗಿ ಒಂದು ವಾರಕ್ಕೆ ಅವನು ಅಡುಗೆಕೋಣೆಗೆ ಬಂದು ಸ್ಟೂಲು ಎಳೆದುಕೊಂಡು ಕೂತ. ಅವನು ಕೂತರೆ ಒಳ್ಳೆಯ ಸುದ್ದಿ ಅಲ್ಲ ಎಂದು ಗೊತ್ತಾಯಿತು.

"ಗುರುವಾರ ದುಡ್ಡು ಹಾಕೋರು ನೋಡೋಕೆ ಬರ್ತಿದ್ದಾರೆ ಅಜ್ಜಿ. ಅವ್ರು ಬಿಲ್ಡಿಂಗ್ ಬಾಡಿಗೆ ಕೊಡೋರಿಗೆ ದುಡ್ಡು ಹಾಕಲ್ಲ. ಟೆಕ್ನಾಲಜಿ ಕಂಪನಿಗೆ ಹಾಕ್ತಾರೆ. ನಮ್ದು ಟೆಕ್ನಾಲಜಿ ಕಂಪನಿ."

"ಮೇಜು ಬಾಡಿಗೆಗೆ ಕೊಡೋದಲ್ವೇನಪ್ಪ?"

"ಮೇಜು ಎಲ್ರೂ ಕೊಡ್ತಾರೆ. ಯಾರು ಎಲ್ಲಿ ಕೂತರೆ ಚೆನ್ನಾಗಿ ಕೆಲ್ಸ ಆಗುತ್ತೆ ಅಂತ ನಮ್ಮ ಸಿಸ್ಟಮ್‌ಗೆ ಗೊತ್ತಾಗುತ್ತೆ. ಅದೇ ನಮ್ಮ ಸ್ಪೆಷಲ್. ಮೂರು ತಿಂಗಳಿಂದ ಒಂದೇ ಒಂದು ಕಂಪ್ಲೇಂಟ್. ಅದನ್ನೇ ತೋರಿಸೋದು."

ನಾನು ಸೌಟು ಕೆಳಗಿಟ್ಟೆ.

"ಅದು ನಾನು ಒತ್ತಿದ್ದಲ್ವಾ?"

"ಹೌದು, ನೀವೇ. ಸಿಸ್ಟಮ್ ಅದನ್ನ ನೋಡಿ ಕಲಿತಿದೆ. ಮುಂದಿನ ತಿಂಗಳಿಂದ ಬಾಗಿಲು ಫೋನಿಂದ ತೆಗೆಯುತ್ತೆ, ಕಾಫಿ ಮೆಷಿನ್ ಬರುತ್ತೆ. ನಿಮಗೂ ವಯಸ್ಸಾಯ್ತು, ರೆಸ್ಟ್ ತಗೊಳ್ಳಿ. ಗುರುವಾರ ಒಂದು ದಿನ ಮಾತ್ರ ಇಲ್ಲೇ ಒಳಗಿಂದ ಒತ್ತಿಬಿಡಿ. ಹೊರಗೆ ಕಾಣಿಸ್ಕೋಬೇಡಿ."

"ಸಿಸ್ಟಮ್ ಕಲ್ತಿದ್ರೆ ನಾನ್ಯಾಕೆ ಒತ್ತಬೇಕು?"

"ಸೇಫ್ಟಿಗೆ ಅಜ್ಜಿ."

ಅವನು ಕೆಟ್ಟವನಲ್ಲ. ಜ್ವರ ಬಂದಾಗ ಮಾತ್ರೆ ತಂದುಕೊಟ್ಟವನು. ಅವನಿಗೂ ಮೇಲಿನವರು ಹೇಳಿದ್ದಾರೆ, ಅವನು ನನಗೆ ಹೇಳಿದ. ಆದರೂ ನನಗೆ ಉರಿಯಿತು. ಕೆಲಸದಿಂದ ತೆಗೆಯುತ್ತೇವೆ ಎಂದರೆ ಸರಿ, ಕಂಪನಿ ಅವರದು. ನಾನು ಮಾಡಿದ್ದನ್ನು ತೋರಿಸಿ, ನಾನಿಲ್ಲದಿದ್ದರೂ ನಡೆಯುತ್ತದೆ ಎಂದು ಸಾಧಿಸಿ, ಅದನ್ನು ಸಾಧಿಸಲಿಕ್ಕೂ ನನ್ನ ಕೈಯೇ ಬೇಕು ಎಂದರೆ ಹೇಗೆ?

ಬುಧವಾರ ಸಂಜೆ ಮನೆಗೆ ಹೋಗುವಾಗ ಕೆಳಗಿನ ಎಸ್ಟೇಟಿನವರು ಪೈಪು ಹೊತ್ತು ರಸ್ತೆಯ ಪಕ್ಕದ ತುಂಡಿಗೆ ತರುತ್ತಿದ್ದರು. ಬೇಲಿಗೆ ಒರಗಿ ನಿಂತು ಕೇಳಿದೆ.

"ನಾಳೆ ಇಲ್ಲೇನಪ್ಪಾ ನೀರು?"

"ಹೂಂ ಅಜ್ಜಿ. ಹತ್ತು ಗಂಟೆಗೆ ಎರಡೂ ಮೋಟಾರು ಹಾಕ್ತೀವಿ. ಈ ತುಂಡಿಗೆ ಮೂರು ದಿನ."

ಮ್ಯಾನೇಜರು ತೋರಿಸಲಿಕ್ಕೆ ದೊಡ್ಡ ಟಿ.ವಿ. ಹಾಕಿಸಿದ್ದು ಪೂರ್ವದ ಗೋಡೆಗೆ. ಒಂದು ಮಾತು ಹೇಳಿದರೆ ಬೇರೆ ಗೋಡೆಗೆ ಬದಲಾಯಿಸಬಹುದಿತ್ತು. ಅಲ್ಲೇ ನಿಂತು ಯೋಚಿಸಿದೆ. ಹೇಳುವುದು ನನ್ನ ಕೆಲಸವೇ? ಒಂದನೇ ತಾರೀಖಿನಿಂದ ಅದು ಸಿಸ್ಟಮ್ಮಿನ ಕೆಲಸ. ಹಾಗಾದರೆ ಗುರುವಾರವೇ ಮಾಡಲಿ. ನಾನು ಯಾವುದನ್ನೂ ಕೆಡಿಸುವುದಿಲ್ಲ, ವಯರು ಕೀಳುವುದಿಲ್ಲ, ಸುಳ್ಳು ಒತ್ತುವುದಿಲ್ಲ. ಸುಮ್ಮನಿರುತ್ತೇನೆ. ಬೇಲಿ ಬಿಟ್ಟು ನಾಲ್ಕು ಹೆಜ್ಜೆ ಇಡುವಷ್ಟರಲ್ಲಿ ತೀರ್ಮಾನ ಆಗಿತ್ತು.

ಆದರೆ ನನ್ನ ಜಗಳ ಕಂಪನಿಯ ಜೊತೆ, ಕೂತು ದುಡಿಯುವವರ ಜೊತೆ ಅಲ್ಲ. ಮೇಷ್ಟ್ರಿಗೆ ಫೋನು ಮಾಡಿ, ನಾಳೆ ಪಾಠ ಇಟ್ಟುಕೊಳ್ಳಬೇಡಿ ಎಂದೆ. ಟೈಪಿಂಗ್ ಹೆಂಗಸಿಗೆ, ಬ್ಯಾಟರಿ ತುಂಬಿಸಿಕೊಂಡು ಬಾ, ಅವಸರದ ಕೆಲಸ ಇದ್ದರೆ ಇವತ್ತೇ ಮುಗಿಸು ಎಂದೆ. ಇಬ್ಬರೂ ಯಾಕೆ ಎಂದು ಕೇಳಲಿಲ್ಲ.

ಗುರುವಾರ ಏಳು ಗಂಟೆಗೆ ಫೋನನ್ನು ಸಕ್ಕರೆ ಡಬ್ಬಿಯ ಪಕ್ಕ ಮಗುಚಿಟ್ಟೆ. ಗುಡಿಸಿದೆ, ಒರೆಸಿದೆ, ಹಾಲು ಕಾಯಿಸಿದೆ. ನನ್ನ ಪಾಲಿನ ಉಳಿದ ಕೆಲಸ ಯಾವತ್ತಿಗಿಂತ ಚೆನ್ನಾಗಿಯೇ ಮಾಡಿದೆ.

ಒಂಬತ್ತೂವರೆಗೆ ಬಂದವರು ಇಬ್ಬರು. ಕೋಟು ಹಾಕಿದ ಗಂಡಸೊಬ್ಬ, ನರೆಗೂದಲಿನ ಹೆಂಗಸೊಬ್ಬರು. ಆಪ್ ತನ್ನ ಲೆಕ್ಕದಂತೆ ಮೇಜು ಕೊಟ್ಟಿತ್ತು. ಮೆಣಸಿನವನಿಗೆ ಮೂರು, ಟೈಪಿಂಗ್ ಹೆಂಗಸಿಗೆ ನಾಲ್ಕು. ಮ್ಯಾನೇಜರು ಟಿ.ವಿ. ಮುಂದೆ ನಿಂತು ಬಣ್ಣದ ಚಿತ್ರ ತೋರಿಸಿ ಮಾತು ಶುರು ಮಾಡಿದ. ಹಿಂದಿನಿಂದ ಮೆಣಸಿನವನ ದನಿ ಎದ್ದಿತು. "ಅಲ್ಲ ಮಾರಾಯಾ, ಆ ರೇಟಿಗೆ ನಿನ್ನ ಮಾವನ ಹತ್ರ ತಗೋ!" ಕೋಟಿನವನು ತಿರುಗಿ ನೋಡಿದ.

ಹತ್ತು ಹೊಡೆಯಿತು. ಕೆಳಗೆ ಮೊದಲನೇ ಮೋಟಾರಿನ ಸದ್ದು. ಸ್ವಲ್ಪ ಹೊತ್ತಿಗೆ ಎರಡನೆಯದು. ಫ್ಯಾನು ನಿಧಾನ ಆಯಿತು. ಸ್ಟೆಬಿಲೈಸರು ಟಕ್ ಎಂದಿತು. ಟಿ.ವಿ. ಕಪ್ಪಾಯಿತು.

ಮ್ಯಾನೇಜರು ಓಡಿಬಂದ. "ಅಜ್ಜಿ! ಮೆಣಸಿನವ್ರು ನಡುವೆ ಕೂತು ಕೂಗ್ತಿದ್ದಾರೆ, ಟಿ.ವಿ.ನೂ ಹೋಯ್ತು! ನೀವು ಒತ್ತಲಿಲ್ವಾ?"

"ಇಲ್ಲ."

"ಯಾಕೆ?"

"ಸಿಸ್ಟಮ್ ಕಲ್ತಿದೆ ಅಂದ್ಯಲ್ಲ. ಕಲ್ತದ್ದು ತೋರಿಸ್ಲಿ ಅಂತ ಬಿಟ್ಟೆ."

"ಅಜ್ಜಿ, ನನ್ನ ಕೆಲ್ಸ ಹೋಗುತ್ತೆ!"

"ನನ್ನದು ಹೋಗ್ತದೆ ಅಂದಾಗ ರೆಸ್ಟ್ ತಗೊಳ್ಳಿ ಅಂದೆ. ನೀನೂ ತಗೊ."

ಬಾಗಿಲಲ್ಲಿ ನರೆಗೂದಲಿನ ಹೆಂಗಸು ನಿಂತಿದ್ದರು. ನೀರು ಕೇಳಲು ಬಂದವರಂತೆ, ಲೋಟ ಕೈಯಲ್ಲಿತ್ತು. ಎಷ್ಟು ಕೇಳಿಸಿಕೊಂಡಿದ್ದರೋ ಗೊತ್ತಿಲ್ಲ. ಕನ್ನಡದಲ್ಲೇ ಕೇಳಿದರು.

"ಏನು ಒತ್ತಬೇಕಿತ್ತು ಅಮ್ಮ?"

ಮ್ಯಾನೇಜರು ಬಾಯಿ ತೆರೆಯುವ ಮೊದಲು ನಾನು ಹೇಳಿದೆ. ಮೆಣಸಿನವನನ್ನು ಎಲ್ಲಿ ಹಾಕುತ್ತೇನೆ, ಪೈಪು ಹೇಗೆ ನೋಡುತ್ತೇನೆ, ಮಂಜಿನ ದಿನ ಹೇಗೆ ತಪ್ಪು ಮಾಡಿದೆ, ಎಲ್ಲಾ. ಬಿಲ್ಲೆ ಡಬ್ಬಿಯನ್ನೂ ತೆಗೆದು ತೋರಿಸಿದೆ. ಅವರು ಏಳನೇ ನಂಬರಿನ ಬಿಲ್ಲೆಯನ್ನು ಎತ್ತಿ, ಹಿಂದೆ ಮುಂದೆ ನೋಡಿ, ಡಬ್ಬಿಗೇ ಹಾಕಿದರು.

"ಹಾಗಾದ್ರೆ ಇದು ಟೆಕ್ನಾಲಜಿ ಕಂಪನಿ ಅಲ್ಲ ಅಂತೀರಾ?"

"ಎಸ್ಟೇಟಲ್ಲಿ ಪಲ್ಪರ್ ಮೆಷಿನ್ ಇರ್ತದೆ, ಹಣ್ಣು ಸುಲಿಯೋಕೆ. ಅದಿದೆ ಅಂತ ಎಸ್ಟೇಟು ಮೆಷಿನ್ ಕಂಪನಿ ಆಗ್ತದಾ ತಾಯಿ? ಕಾಫಿ ಬೆಳೆಯೋರು ಕಾಫಿ ಬೆಳೆಯೋರೇ. ಇವ್ರು ಮೇಜು ಬಾಡಿಗೆಗೆ ಕೊಡೋರು. ಚೆನ್ನಾಗೇ ಕೊಡ್ತಾರೆ. ಹಾಗಂತ ಹೇಳ್ಕೊಳ್ಳೋಕೆ ಏನು ಕಷ್ಟ?"

ಅವರು ನಗಲಿಲ್ಲ. ನೀರು ಕುಡಿದರು. ಲೋಟವನ್ನು ತಾವೇ ತೊಳೆದಿಟ್ಟು ಹೋದರು. ಮಧ್ಯಾಹ್ನದ ಊಟಕ್ಕೆ ಇಬ್ಬರೂ ನಿಲ್ಲಲಿಲ್ಲ. ಆಮೇಲೆ ದುಡ್ಡು ಹಾಕಿದರೋ ಇಲ್ಲವೋ ನನಗೆ ಇವತ್ತಿಗೂ ಗೊತ್ತಿಲ್ಲ. ಕೇಳಲೂ ಇಲ್ಲ.

ಸಂಜೆ ಮ್ಯಾನೇಜರು ಕೈ ಚಾಚಿದ. "ಫೋನು ಕೊಡಿ ಅಜ್ಜಿ. ಬೀಗದ ಕೈನೂ. ನಾಳೆಯಿಂದ ಬರೋದು ಬೇಡ. ಬಾಗಿಲಿಗೆ ಫೋನಿನ ಬೀಗ ಇವತ್ತೇ ಹಾಕಿಸ್ತೀನಿ."

ಎರಡನ್ನೂ ಕೊಟ್ಟೆ. ಬಿಲ್ಲೆ ಡಬ್ಬಿ ಕೇಳಲಿಲ್ಲ, ನಾನೂ ಕೊಡಲಿಲ್ಲ. ಅದು ಕಂಪನಿಯದಲ್ಲ. ಮನೆಯಲ್ಲಿ ಸೊಸೆ, "ಇನ್ನು ಮೇಲೆ ಮನೇಲೇ ಇರ್ತೀರಾ ಅತ್ತೆ?" ಎಂದು ಕೇಳಿದಳು. ಅವಳ ದನಿಯಲ್ಲಿ ನನಗಿಂತ ಹೆಚ್ಚು ದುಃಖ ಇತ್ತು.

ಮಾರನೇ ಬೆಳಿಗ್ಗೆ ಯಾವತ್ತಿನಂತೆ ಆರೂವರೆಗೆ ಹೊರಟೆ. ದಾರಿಯಲ್ಲಿ ಬೇಲಿಯ ಹತ್ತಿರ ಹೋಗಿ ಪೈಪು ನೋಡಿದೆ. ಎತ್ತರದ ತುಂಡಿನಲ್ಲೇ ಇತ್ತು, ಇನ್ನೂ ಎರಡು ದಿನದ ನೀರು ಬಾಕಿ. ಗೋಡೌನಿನ ಹೊರಗಿನ ಕಲ್ಲು ಮೆಟ್ಟಿಲ ಮೇಲೆ ಸೆರಗು ಹೊದ್ದು ಕೂತು ಡಬ್ಬಿಯನ್ನು ತೊಡೆಯ ಮೇಲಿಟ್ಟುಕೊಂಡೆ.

ಮೊದಲು ಬಂದದ್ದು ಮೇಷ್ಟ್ರು. ಬಾಗಿಲಿಗೆ ಫೋನು ತೋರಿಸಿದರು. ಬಾಗಿಲು ತೆರೆಯಿತು. ಅದರ ಕೆಲಸ ಅದು ಮಾಡಿತು, ನಾನು ಇಲ್ಲ ಅನ್ನುವುದಿಲ್ಲ. ಒಳಗೆ ಕಾಲಿಡುವ ಮೊದಲು ಅವರು ನನ್ನ ಕಡೆ ತಿರುಗಿದರು.

"ಆಪ್ ನಂಗೆ ಒಂದನೇ ಮೇಜು ಕೊಟ್ಟಿದೆ ಅಜ್ಜಿ. ಎಲ್ಲಿ ಕೂರ್ಲಿ?"

ಹದಿನಾಲ್ಕನೇ ಬಿಲ್ಲೆ ಕೊಟ್ಟೆ. ಪಶ್ಚಿಮದ ಗೋಡೆ. ಟೈಪಿಂಗ್ ಹೆಂಗಸು ಬಂದು ಕೈ ಚಾಚಿದಳು, ಹದಿನೇಳು. ಮೆಣಸಿನವನು ಸ್ಕೂಟರಿನಿಂದ ಇಳಿಯುತ್ತಲೇ, "ಎಂತಾ ಅಮ್ಮೂಮ್ಮಾ, ಆಫೀಸು ಹೊರಗೆ ಬಂತಾ?" ಎಂದ. ಅವನಿಗೆ ಕಿಟಕಿಯ ಮೂಲೆಯ ಹನ್ನೆರಡು. ಉಳಿದವರೂ ಒಬ್ಬೊಬ್ಬರೇ ಬಿಲ್ಲೆ ಹಿಡಿದು ಒಳಗೆ ಹೋದರು.

ಒಂಬತ್ತೂವರೆಗೆ ಮ್ಯಾನೇಜರಿನ ಕಾರು ಬಂತು. ಗಾಜು ಇಳಿಯಿತು.

"ಅಜ್ಜಿ, ಬರಬೇಡಿ ಅಂದಿದ್ದೆ ಅಲ್ವಾ?"

"ಕೆಲ್ಸಕ್ಕೆ ಬರಬೇಡ ಅಂದೆ. ಮೆಟ್ಟಿಲ ಮೇಲೆ ಕೂರಬೇಡ ಅನ್ಲಿಲ್ಲ."

ಅವನು ಇಳಿದು ಬಂದು ತೆರೆದ ಬಾಗಿಲಿನಿಂದ ಒಳಗೆ ನೋಡಿದ. ಎಲ್ಲರೂ ತಲೆ ಬಗ್ಗಿಸಿ ಕೆಲಸ ಮಾಡುತ್ತಿದ್ದರು. ಕೂತವರ ಮೇಜಿನ ಮೇಲೆಲ್ಲ ಒಂದೊಂದು ತಗಡಿನ ಬಿಲ್ಲೆ. ಡಬ್ಬಿಯಲ್ಲಿ ನಾಲ್ಕನೇ ನಂಬರು ಉಳಿದಿತ್ತು. ತೆಗೆದು ಅವನ ಅಂಗೈಯಲ್ಲಿಟ್ಟೆ.

"ತಡವಾಗಿ ಬಂದೆ. ಪೂರ್ವದ ಗೋಡೆ ನಿಂದು. ಹತ್ತು ಗಂಟೆಗೆ ಮೋಟಾರು ಹಾಕ್ತಾರೆ, ಅಷ್ಟರೊಳಗೆ ನಿನ್ನ ಕೆಲ್ಸ ಮುಗಿಸ್ಕೊ."